ನಸುಕಿನ ಎರಡು ತಾಸು

ನಾಲ್ಕೂವರೆಗೆ ಏಳಬೇಕು. ನಳ ಬಿಡುವುದು ಐದರೊಳಗೆ, ಅದೂ ಮುಕ್ಕಾಲು ತಾಸು. ಅಷ್ಟರಲ್ಲಿ ಹಿತ್ತಲಿನ ತೊಟ್ಟಿ, ಎರಡು ಬ್ಯಾರಲ್, ಅಡುಗೆಮನೆಯ ಹಂಡೆ ತುಂಬಬೇಕು. ತುಂಬುವ ಹೊತ್ತಿನಲ್ಲೇ ಅಂಗಳ ಗುಡಿಸಿ, ಸೆಗಣಿ ನೀರು ಚಿಮುಕಿಸಿ, ರಂಗೋಲಿಯ ನಾಲ್ಕು ಗೆರೆ ಎಳೆಯಬೇಕು. ಬಚ್ಚಲ ಒಲೆಗೆ ಉರಿ ಹಾಕಬೇಕು. ಮೊದಲ ನೀರು ಅತ್ತೆಗೆ, ಆಮೇಲೆ ಮೈದುನನಿಗೆ, ಆಮೇಲೆ ಅವನ ಹುಡುಗರಿಗೆ. ಚಹಾ ಎರಡು ಪಾತ್ರೆಯಲ್ಲಿ: ಅತ್ತೆಗೆ ಬೆಲ್ಲದ್ದು, ಉಳಿದವರಿಗೆ ಸಕ್ಕರೆಯದು. ಮನೆಯವರಿಗೂ ಮಗ್ಗಕ್ಕೆ ಬರುವ ಇಬ್ಬರು ಆಳುಗಳಿಗೂ ಸೇರಿ ಮೂವತ್ತು ರೊಟ್ಟಿ ಬಡಿಯಬೇಕು. ಒಂದು ಪಲ್ಯ, ಒಂದು ಚಟ್ನಿ. ರಾಟೆಯ ಮುಂದೆ ಕುಳಿತು ಅಂದಿನ ಮಗ್ಗಕ್ಕೆ ಬೇಕಾದಷ್ಟು ನೂಲನ್ನು ಕಂಡಿಕೆಗಳಿಗೆ ಸುತ್ತಿ ಬುಟ್ಟಿ ತುಂಬಿಸಿಡಬೇಕು.

ಇಷ್ಟೂ ಬೆಳಕು ಹರಿಯುವುದರೊಳಗೆ. ಬನಹಟ್ಟಿಯ ಆ ಮನೆಯಲ್ಲಿ ಇದನ್ನು ಯಾರೂ ಕೆಲಸ ಎಂದು ಕರೆಯುತ್ತಿರಲಿಲ್ಲ. ಕೆಲಸ ಎಂದರೆ ಮಗ್ಗ. ಅದು ಏಳು ಗಂಟೆಗೆ ಶುರುವಾಗುತ್ತಿತ್ತು.

ಬನಶಂಕರಿ ಇಪ್ಪತ್ತೊಂದು ವರ್ಷ ಹೀಗೆ ಎದ್ದಿದ್ದಳು. ಮದುವೆಯಾದ ಒಂಬತ್ತನೆಯ ವರ್ಷ ಗಂಡ ಶಶಿಕಾಂತ ಇಚಲಕರಂಜಿಯ ಮಗ್ಗಗಳಿಗೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಗಂಡ ಬಿಟ್ಟುಹೋದ ಮನೆಯಲ್ಲಿ ಹೆಂಡತಿ ಉಳಿದಳು. ಯಾರೂ ಅವಳನ್ನು ಹೋಗೆನ್ನಲಿಲ್ಲ. ಹೋಗೆಂದರೆ ಮೂವತ್ತು ರೊಟ್ಟಿ ಯಾರು ಬಡಿಯಬೇಕು? ಹೋಗಲು ತವರೂ ಇರಲಿಲ್ಲ. ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಊರು ಹಿನ್ನೀರಿಗೆ ಹೋಗಿತ್ತು. ಅಣ್ಣ ಮುರಗೆಪ್ಪ ಪುನರ್ವಸತಿ ಕೇಂದ್ರದಲ್ಲಿ ಎರಡು ಕೋಣೆ ಕಟ್ಟಿಕೊಂಡಿದ್ದ. ಆ ಎರಡು ಕೋಣೆಯಲ್ಲಿ ಅವನದೇ ಏಳು ಜನ.

ಮೈದುನ ಮಹಾಲಿಂಗಪ್ಪ ಕಂಡಿಕೆ ಸುತ್ತುವ ಮಷೀನು ತಂದ ವರ್ಷವೇ ತೇರದಾಳದ ರೇಷ್ಮಾ ರಜೆಗೆ ಊರಿಗೆ ಬಂದಿದ್ದಳು. ಅವಳಿಗೆ ಮಸ್ಕತ್ತಿನಲ್ಲಿ ಕೆಲಸ. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ಕಂಪನಿಯಲ್ಲಿ ಎಂಟು ವರ್ಷದಿಂದ ಇದ್ದಳು. ಸೀರೆ ಕೊಳ್ಳಲು ಮನೆಗೆ ಬಂದವಳು, ಬನಶಂಕರಿ ಮಾತಾಡುತ್ತಲೇ ಒಂದರ ಮೇಲೊಂದು ಸೀರೆ ಮಡಚುವುದನ್ನು ನೋಡುತ್ತ ಕುಳಿತಳು. ಯಾವ ಮಡಿಕೆಯ ಅಂಚೂ ಆಚೀಚೆ ಇರಲಿಲ್ಲ. "ನಮ್ಮಲ್ಲಿ ಇಂಥಾ ಕೈ ಹುಡುಕಾಕತ್ತಾರ," ಎಂದಳು. ರಾಟೆಯ ಕೆಲಸ ಮಷೀನಿಗೆ ಹೋಗಿ ಮನೆಯಲ್ಲಿ ಒಂದು ಜೀವ ಹೆಚ್ಚಾಗಿತ್ತು. ಮಹಾಲಿಂಗಪ್ಪ ಎರಡು ದಿನ ವಿಚಾರ ಮಾಡಿ, "ಹೋಗಿ ಬರ್ರಿ ವೈನಿ, ಮನಿಗೂ ಆಸರಾಕ್ಕತಿ," ಎಂದ. ಪಾಸ್‌ಪೋರ್ಟಿನ ಫೋಟೋ ತೆಗೆಸಲು ಜಮಖಂಡಿಗೆ ಅತ್ತೆಯೇ ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಬನಶಂಕರಿ ಒಬ್ಬಳೇ ಇರುವ ಮೊದಲ ಫೋಟೋ ಅದು.

ಎರಡು ಸಾವಿರದ ಹನ್ನೊಂದರ ನವೆಂಬರಿನಲ್ಲಿ ಅವಳು ಮಸ್ಕತ್ತಿಗೆ ಬಂದಳು. ಕಂಪನಿಯ ಕರಾರು ಸರಳವಾಗಿತ್ತು. ಮೂರು ತಿಂಗಳು ಪರೀಕ್ಷೆ. ಅದು ಮುಗಿದ ಮೇಲೆ ಒಂದು ಅರ್ಜಿ ತುಂಬಬೇಕು: ಎರಡು ವರ್ಷ ಇರುತ್ತೀಯೋ, ಕಂಪನಿಯ ಟಿಕೆಟ್ಟಿನಲ್ಲಿ ತಿರುಗಿ ಹೋಗುತ್ತೀಯೋ. ಮೊದಲ ದಿನವೇ ಇದನ್ನು ಬಿಡಿಸಿ ಹೇಳಿದವಳು ಸೂಪರ್‌ವೈಜರ್ ಫಿಲೋಮಿನಾ. ಗೋವೆಯವಳು, ಅವಳ ಮಾತಿನಲ್ಲಿದ್ದ ಮರಾಠಿಯ ಬಣ್ಣದಿಂದ ಬನಶಂಕರಿಗೆ ಅರ್ಧ ತಿಳಿಯಿತು, ಉಳಿದರ್ಧ ರೇಷ್ಮಾ ತಿಳಿಸಿದಳು.

ಮನೆ ರೂವಿ ಎಂಬಲ್ಲಿ, ಎರಡನೆಯ ಮಹಡಿಯಲ್ಲಿ. ಮೂರು ಕೋಣೆ, ಆರು ಹೆಂಗಸರು, ಒಂದು ಅಡುಗೆಮನೆ. ಕೇರಳದ ಇಬ್ಬರು ಒಂದು ಕೋಣೆಯಲ್ಲಿ, ರೇಷ್ಮಾ ಮತ್ತು ಕಡಪದವಳೊಬ್ಬಳು ಇನ್ನೊಂದರಲ್ಲಿ. ಮೂರನೆಯದರಲ್ಲಿ ಶ್ರೀಲಂಕಾದ ಕುಸುಮಾ. ಅವಳ ಎದುರಿನ ಮಂಚ ಬನಶಂಕರಿಗೆ. ಎರಡು ಮಂಚಗಳ ನಡುವೆ ಕೈ ಚಾಚಿದರೆ ಮುಗಿಯುವಷ್ಟು ಜಾಗ. ಕುಸುಮಾ ಮಿತಭಾಷಿ. ಮೊದಲ ದಿನ ತನ್ನ ಕಪಾಟಿನ ಕೆಳಗಿನ ಎರಡು ಹಲಗೆ ಖಾಲಿ ಮಾಡಿಕೊಟ್ಟು, ಹರಕುಮುರುಕು ಹಿಂದಿಯಲ್ಲಿ, "ಇದು ನಿನ್ನದು. ಇದು ನನ್ನದು," ಎಂದು ಬೆರಳಿಟ್ಟು ತೋರಿಸಿದಳು.

ಅಡುಗೆಮನೆಯಲ್ಲಿ ಬನಶಂಕರಿಗೆ ದಿಗಿಲಾಯಿತು. ಪ್ರತಿ ಹಲಗೆಗೂ ಟೇಪು ಅಂಟಿಸಿ ಹೆಸರು ಬರೆದಿದ್ದರು. ಎಣ್ಣೆಯ ಬಾಟಲಿಗೆ ಹೆಸರು. ಉಪ್ಪಿಗೆ ಹೆಸರು. ಫ್ರಿಜ್ಜಿನಲ್ಲಿದ್ದ ಆರು ಮೊಟ್ಟೆಗಳ ಮೇಲೂ ಪೆನ್ನಿನಿಂದ ಹೆಸರು.

"ತತ್ತಿಗೂ ಹೆಸರ ಇಡ್ತಾರೇನ?" ಎಂದು ಅವಳು ರೇಷ್ಮಾಳನ್ನು ಕೇಳಿದಳು.

"ಹೂಂ. ಕೋಳಿ ಇಡೂದಿಲ್ಲಲ್ಲ, ನಾವ ಇಡಬೇಕು."

ಬನಶಂಕರಿಯ ಮೈಯೊಳಗಿನ ಗಡಿಯಾರ ಬನಹಟ್ಟಿಯದು. ಮಸ್ಕತ್ತಿನ ಹೊತ್ತು ಒಂದೂವರೆ ತಾಸು ಹಿಂದೆ. ಮೊದಲ ವಾರ ಮೂರಕ್ಕೇ ಎಚ್ಚರವಾಗುತ್ತಿತ್ತು. ಆಮೇಲೆ ಹೇಗೋ ಸರಿದು ಅಲ್ಲಿಯ ನಾಲ್ಕೂವರೆಗೆ ಬಂದು ನಿಂತಿತು. ಕಂಪನಿಯ ವ್ಯಾನು ಬರುವುದು ಆರೂವರೆಗೆ. ನಡುವೆ ಎರಡು ತಾಸು. ನಳ ಯಾವಾಗ ತಿರುಗಿಸಿದರೂ ನೀರು. ಅಂಗಳವಿಲ್ಲ. ಉರಿ ಹಾಕಬೇಕಾದ ಒಲೆಯಿಲ್ಲ. ಎಬ್ಬಿಸಬೇಕಾದ ಹುಡುಗರಿಲ್ಲ.

ಆದ್ದರಿಂದ ಎರಡನೆಯ ದಿನವೇ ಅವಳು ಊರಿಂದ ತಂದ ಜೋಳದ ಹಿಟ್ಟು ತೆಗೆದು ಆರು ಜನಕ್ಕೆ ರೊಟ್ಟಿ ಬಡಿದಳು. ಒಬ್ಬಳಿಗಾಗಿ ಒಲೆ ಹೊತ್ತಿಸುವುದು, ಒಬ್ಬಳಿಗಾಗಿ ಎರಡೇ ರೊಟ್ಟಿ ಬಡಿಯುವುದು ಅವಳಿಗೆ ಗೊತ್ತಿರಲಿಲ್ಲ. ಹೆಂಗಸರು ಎದ್ದು ಬಂದು ಆಶ್ಚರ್ಯಪಟ್ಟು ತಿಂದರು. ಹಿಟ್ಟು ಮುಗಿದ ಮೇಲೆ ಚಪಾತಿ. ಎರಡನೆಯ ವಾರಕ್ಕೆ ಕೇರಳದವರು ಹಿಂದಿನ ಸಂಜೆಯ ಪಾತ್ರೆಗಳನ್ನು ತೊಟ್ಟಿಯಲ್ಲೇ ಬಿಡತೊಡಗಿದರು. ಬೆಳಿಗ್ಗೆ ಅವು ತೊಳೆದಿರುತ್ತಿದ್ದವು. ಕಡಪದವಳು ತನಗೆ ಖಾರ ಕಡಿಮೆ ಇರಲಿ ಎಂದು ಸನ್ನೆ ಮಾಡಿ ಹೇಳಿದಳು. ಬನಶಂಕರಿಗೆ ಸಮಾಧಾನವಾಯಿತು. ಮನೆ ಹೊಂದಿಕೊಳ್ಳುತ್ತಿದೆ ಎಂದುಕೊಂಡಳು.

ರೇಷ್ಮಾಳಿಗೆ ಸಮಾಧಾನವಿರಲಿಲ್ಲ.

"ಅಕ್ಕಾ, ನಿಂಗ ಇದನ್ನೆಲ್ಲಾ ಮಾಡಂತ ಯಾರ ಹೇಳಿದ್ರು?"

"ಯಾರೂ ಹೇಳಿಲ್ಲ. ನಸುಕಿನ್ಯಾಗ ಎಚ್ಚರ ಆಕ್ಕತಿ. ಸುಮ್ನ ಕುಂಡ್ರೂದು ಹೆಂಗ?"

"ಕುಂಡ್ರೂದು ಹೆಂಗಂದ್ರ, ಕುಂಡಿ ಊರಿ ಕುಂಡ್ರೂದು."

"ಚ್ಯಾಷ್ಟಿ ಮಾಡಬ್ಯಾಡ."

"ಖರೇನ ಹೇಳ್ತೇನಿ. ಬಂದ ವರ್ಷ ನಾನೂ ಹಿಂಗ ಮಾಡಿದ್ದೆ. ಆರು ತಿಂಗಳದಾಗ ಈ ಮನಿಗೆ ಸೊಸಿ ಆಗಿಬಿಟ್ಟಿದ್ದೆ. ಗಂಡ ಒಬ್ಬಾಂವ ಇದ್ದಿದ್ದಿಲ್ಲ. ಅತ್ತಿ ಮಾತ್ರ ಐದ ಮಂದಿ."

ಬನಶಂಕರಿ ನಕ್ಕಳು. ಮರುದಿನವೂ ಆರು ಜನಕ್ಕೆ ಚಪಾತಿ ಮಾಡಿದಳು.

ಕಂಪನಿಯಲ್ಲಿ ಅವಳನ್ನು ದುರಸ್ತಿ ಮೇಜಿಗೆ ಹಾಕಿದ್ದರು. ಒಗೆದು ಬಂದ ಚಾದರುಗಳನ್ನು ಬೆಳಕಿಗೆ ಹಿಡಿದು, ಎಲ್ಲಿ ಎಳೆ ಬಿಟ್ಟಿದೆ, ಎಲ್ಲಿ ಹರಿಯಲಿದೆ ಎಂದು ನೋಡಿ ಬೇರೆ ಇಡುವುದು; ಸಣ್ಣದಿದ್ದರೆ ಅಲ್ಲೇ ರಫೂ ಹಾಕುವುದು. ಉಳಿದವರು ಕಣ್ಣಿನಿಂದ ಹುಡುಕುತ್ತಿದ್ದರು, ಇವಳು ಬೆರಳಿನಿಂದ. ಮಗ್ಗದಲ್ಲಿ ಹಳೆಯ ಹಾಸು ಮುಗಿದಾಗ ಅದರ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಎಳೆ ಕೂಡಿಸುವ ಕೆಲಸ ಹೆಂಗಸರದು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ಸಾವಿರ ಎಳೆಗಳನ್ನು ಗಂಟಿಲ್ಲದೆ ಹೊಸೆಯಬೇಕು. ಮದುವೆಯಾಗಿ ಬಂದ ವರ್ಷ ಅತ್ತೆ ದಾನಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಬೆರಳ ಮೇಲೆ ಬೆರಳಿಟ್ಟು ಕಲಿಸಿದ್ದಳು. ಆ ಮನೆಯಲ್ಲಿ ಯಾರಾದರೂ ಅವಳ ಕೈ ಹಿಡಿದದ್ದು ಎಂದರೆ ಅಷ್ಟೇ. ಫಿಲೋಮಿನಾ ಎರಡನೆಯ ವಾರ ಅವಳ ಮೇಜಿನ ಬಳಿ ನಿಂತು ನೋಡಿ, ಇನ್ನೊಂದು ಗಾಡಿ ಚಾದರು ಅವಳ ಕಡೆಗೆ ತಳ್ಳಿಸಿದಳು. ಅದೇ ಮೆಚ್ಚುಗೆ.

ಬಂದ ಮೂರನೆಯ ವಾರ ಅಮಾವಾಸ್ಯೆ ಶುಕ್ರವಾರ ಬಿತ್ತು. ಮಸ್ಕತ್ತಿನಲ್ಲಿ ಶುಕ್ರವಾರ ರಜೆ.

ಬನಹಟ್ಟಿಯಲ್ಲಿ ಅಮಾವಾಸ್ಯೆಗೆ ಮಗ್ಗಗಳು ನಿಲ್ಲುತ್ತವೆ. ಓಣಿಗೆ ಓಣಿಯೇ ನಿಶ್ಶಬ್ದವಾಗಿ, ಪಕ್ಕದ ಮನೆಯ ಕೆಮ್ಮು ಕೇಳಿಸುತ್ತದೆ. ಗಂಡಸರು ಎಣ್ಣೆ ಹಚ್ಚಿಕೊಂಡು ಮಿಂದು ಕಟ್ಟೆಗೆ ಹೋಗಿ ಕೂರುತ್ತಾರೆ, ಇಲ್ಲವೇ ಜಮಖಂಡಿಗೆ ಸಿನಿಮಾಕ್ಕೆ. ಹೆಂಗಸರಿಗೆ ಅಂದು ಇಮ್ಮಡಿ ಕೆಲಸ. ಹಿತ್ತಲಲ್ಲಿ ನೂಲು ಒಣಗಲು ಹಾಕದ ದಿನ ಅದೊಂದೇ ಆದ್ದರಿಂದ ಮನೆಯ ಎಲ್ಲ ಹಾಸಿಗೆ, ಹೊದಿಕೆ, ದಿಂಬಿನ ಚೀಲ ಅಂದೇ ಒಗೆದು ಒಣಗಬೇಕು. ಮಗ್ಗದ ಕೋಣೆಯ ಗೋಡೆಗೆ ಹತ್ತಿದ ಅರಳೆಯ ಧೂಳು ಅಂದೇ ಇಳಿಯಬೇಕು. ಮಗ್ಗದ ಮನೆಯ ಸೊಸೆಗೆ ರಜೆ ಎಂದರೆ ಅರ್ಥ ಇದು.

ಉಳಿದ ಐವರೂ ಮತ್ರಾಹದ ಪೇಟೆಗೆ ಹೊರಟಿದ್ದರು. "ಬಾ ಅಕ್ಕಾ, ಸಮುದ್ರ ನೋಡೀಯಂತ," ಎಂದು ರೇಷ್ಮಾ ಕರೆದಳು. "ಇವತ್ತ ಅಮಾಸಿ," ಎಂದಳು ಬನಶಂಕರಿ, ಅಷ್ಟು ಹೇಳಿದರೆ ಸಾಕು ಎಂಬಂತೆ.

ಅವರು ಹೋದ ಮೇಲೆ ಅವಳು ಆರು ಮಂಚಗಳ ಚಾದರು ತೆಗೆದಳು. ಹಲಗೆಗಳ ಸಾಮಾನೆಲ್ಲ ಇಳಿಸಿ, ಒರೆಸಿ, ಹೆಸರು ನೋಡಿ ನೋಡಿ ಮತ್ತೆ ಜೋಡಿಸಿದಳು. ಫ್ರಿಜ್ಜು ತೊಳೆದಳು. ಇನ್ನೊಬ್ಬರ ಹಾಸಿಗೆ ಮುಟ್ಟಲು ಅಪ್ಪಣೆ ಬೇಕು ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಇಪ್ಪತ್ತೊಂದು ವರ್ಷ ಒಗೆದ ಹಾಸಿಗೆಗಳಲ್ಲಿ ಯಾವುದಕ್ಕೂ ಅವಳು ಅಪ್ಪಣೆ ಕೇಳಿರಲಿಲ್ಲ, ಕೇಳಿದ್ದರೆ ನಕ್ಕುಬಿಡುತ್ತಿದ್ದರು.

ಕುಸುಮಾಳ ದಿಂಬಿನ ಚೀಲ ತೆಗೆಯುವಾಗ ಒಳಗಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ಜಾರಿ ಬಿತ್ತು. ಎರಡು ಸುತ್ತು ಕಟ್ಟಿದ್ದರು. ಬಿಚ್ಚಿದರೆ ಸಣ್ಣ ಹುಡುಗನ ಬಿಳಿ ಅಂಗಿ, ಶಾಲೆಗೆ ಹಾಕಿಕೊಂಡು ಹೋಗುವಂಥದು. ಕಾಲರಿಗೆ ಬೆವರಿನ ಕಂದು ಗೆರೆ. ಕಿಸೆಯ ಮೇಲೆ ಅರಿಶಿನದ ಕಲೆ. ಒಂದು ಬದಿಯ ಹೊಲಿಗೆ ಬಿಟ್ಟಿತ್ತು. ಪಾಪ, ಒಗೆಯಲು ಪುರಸೊತ್ತಾಗದೆ ಕಟ್ಟಿಟ್ಟು ಮರೆತಿದ್ದಾಳೆ ಎಂದುಕೊಂಡಳು. ಕಾಲರಿಗೆ ಸೋಪು ಹಚ್ಚಿ ನೆನೆಹಾಕಿ, ಮೂರು ಸಲ ತಿಕ್ಕಿದಳು. ಕಲೆ ಹೋಗುವ ತನಕ ಬಿಡಲಿಲ್ಲ. ನೀಲಿ ಹಾಕಿ ಒಣಗಿಸಿ, ಹೊಲಿಗೆ ಕೂಡಿಸಿ, ಇಸ್ತ್ರಿ ಮಾಡಿ ಕುಸುಮಾಳ ದಿಂಬಿನ ಮೇಲೆ ಮಡಚಿಟ್ಟಳು. ಆ ದಿನದ ಕೆಲಸದಲ್ಲಿ ಅವಳಿಗೆ ತೀರ ಖುಷಿ ಕೊಟ್ಟದ್ದು ಅದೇ.

ಸಂಜೆ ಕುಸುಮಾ ಬಂದು ಅಂಗಿ ನೋಡಿದಳು. ಎತ್ತಿ ಮೂಗಿಗೆ ಹಿಡಿದಳು. ಕಾಲರು, ಆಮೇಲೆ ಕಂಕುಳು, ಆಮೇಲೆ ಕಿಸೆ. ಮತ್ತೆ ಕಾಲರು. ಮಂಚದ ಮೇಲೆ ಕುಳಿತಳು.

"ಯಾರು?" ಎಂದು ಹಿಂದಿಯಲ್ಲಿ ಕೇಳಿದಳು.

ಬನಶಂಕರಿ ನಗುತ್ತ ಎದೆಯ ಮೇಲೆ ಕೈಯಿಟ್ಟು ತೋರಿಸಿದಳು.

ಕುಸುಮಾ ಅಳಲಿಲ್ಲ, ಬೈಯಲಿಲ್ಲ. ಎದ್ದು ಆ ಅಂಗಿಯನ್ನು ಕಪಾಟಿನಲ್ಲಿ, ತನ್ನ ಕೆಲಸದ ಬಟ್ಟೆಗಳ ಸಾಲಿನಲ್ಲಿ ನೇತುಹಾಕಿದಳು. ಪ್ಲಾಸ್ಟಿಕ್ ಪೊಟ್ಟಣ ಮಡಚಿ ಕಸದ ಬುಟ್ಟಿಗೆ ಹಾಕಿದಳು.

ರೇಷ್ಮಾ ಬನಶಂಕರಿಯನ್ನು ಮೆಟ್ಟಿಲ ಹತ್ತಿರ ಕರೆದೊಯ್ದು ಹೇಳಿದಳು. "ಅದು ಆಕಿ ಮಗನ ಅಂಗಿ. ಬರೂ ದಿನ ಅವನ ಮೈಮ್ಯಾಲಿಂದ ಕಳದು ತಂದಿದ್ಲು. ಆಗ ಅವಂಗ ಏಳು ವರ್ಷ. ಈಗ ಹನ್ನೊಂದು."

"ನಾಕ ವರ್ಷ ಒಗೀಲಾರದ ಇಟ್ಟಿದ್ಲು?"

"ಒಗೀಬಾರದಂತನ ಇಟ್ಟಿದ್ಲು, ಅಕ್ಕಾ."

ಬನಶಂಕರಿ ಮೆಟ್ಟಿಲ ಮೇಲೆ ಕುಳಿತಳು. "ನಂಗ ಕೊಳಿ ಅಷ್ಟ ಕಂಡಿತು," ಎಂದಳು.

ಹರಿದ ಎಳೆ ಯಾವುದನ್ನಾದರೂ ಅವಳು ಕೂಡಿಸಬಲ್ಲಳು. ಇದಕ್ಕೆ ಎರಡನೆಯ ತುದಿಯೇ ಉಳಿದಿರಲಿಲ್ಲ. ರೇಷ್ಮಾಳಿಂದ ಕ್ಷಮೆ ಕೇಳುವ ಹಿಂದಿಯ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿ ಕುಸುಮಾಳ ಮುಂದೆ ಹೇಳಿದಳು. ಕುಸುಮಾ ತಲೆಯಾಡಿಸಿದಳು. ಸಿಟ್ಟಿದ್ದರೆ ಜಗಳವಾಗುತ್ತಿತ್ತು, ಜಗಳವಾದರೆ ಮುಗಿಯುತ್ತಿತ್ತು. ಅಂದಿನಿಂದ ಕುಸುಮಾ ಅವಳ ಜೊತೆ ಮಾತಾಡಲಿಲ್ಲ. ದೀಪ ಆರಿಸುವ ಮೊದಲು ಒಮ್ಮೆ ಅವಳತ್ತ ನೋಡಿ, ಆರಿಸಲೇ ಎಂಬಂತೆ ಸ್ವಿಚ್ಚಿನ ಮೇಲೆ ಕೈಯಿಡುತ್ತಿದ್ದಳು. ದಿನಕ್ಕೆ ಅದಿಷ್ಟೇ.

ಬನಶಂಕರಿ ಇನ್ನೊಬ್ಬರ ಪಾತ್ರೆ ಮುಟ್ಟುವುದನ್ನು ಬಿಟ್ಟಳು. ಆರು ಜನದ ಚಪಾತಿಯೂ ನಿಂತಿತು. ಕೇರಳದವರು ಎರಡು ದಿನ ತೊಟ್ಟಿಯಲ್ಲಿ ಪಾತ್ರೆ ಬಿಟ್ಟು ಕಾಯ್ದು, ಮೂರನೆಯ ದಿನ ತಾವೇ ತೊಳೆದುಕೊಂಡರು. ಯಾರೂ ಏನೂ ಕೇಳಲಿಲ್ಲ. ಅದು ಅವಳಿಗೆ ಇನ್ನೂ ವಿಚಿತ್ರವೆನಿಸಿತು. ಬನಹಟ್ಟಿಯಲ್ಲಿ ಒಂದು ದಿನ ರೊಟ್ಟಿ ತಡವಾದರೆ ಮನೆಯೇ ಎದ್ದು ಬಂದು ಒಲೆಯ ಮುಂದೆ ನಿಲ್ಲುತ್ತಿತ್ತು.

ಆದರೆ ನಾಲ್ಕೂವರೆಯ ಎಚ್ಚರ ತಪ್ಪಲಿಲ್ಲ. ಕುಸುಮಾಳ ನಿದ್ದೆ ಕೆಡದಿರಲೆಂದು ಚಪ್ಪಲಿ ಕೈಯಲ್ಲಿ ಹಿಡಿದು ಹೊರಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಎದುರಿಗೆ ಒಂದು ಗಿಡವೂ ಇಲ್ಲದ ಗುಡ್ಡ, ನಸುಕಿನಲ್ಲಿ ಕಪ್ಪಾಗಿ, ಆಮೇಲೆ ಕಂದಾಗಿ ಕಾಣುತ್ತಿತ್ತು. ಮಸೀದಿಯ ಬಾಂಗು ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆಗೆ ಹರಡುತ್ತಿತ್ತು. ಅವಳ ಕೈಗಳು ಮಡಿಲಲ್ಲಿ ಬಿದ್ದಿರುತ್ತಿದ್ದವು. ಅವುಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಕೆಲವೊಮ್ಮೆ ಸೆರಗಿನ ಅಂಚಿನಿಂದ ಒಂದು ಎಳೆ ಎಳೆದು, ಮುರಿದು, ಮತ್ತೆ ಹೊಸೆದು ಕೂಡಿಸುತ್ತಿದ್ದಳು. ನಲವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಯಾರಿಗೂ ಬೇಕಾಗಿಲ್ಲದ ಎರಡು ತಾಸು ಅವಳ ಕೈಗೆ ಬಂದಿತ್ತು. ಅದು ಸುಖವೆಂದು ರೇಷ್ಮಾ ಹೇಳುತ್ತಿದ್ದಳು. ಬನಶಂಕರಿಗೆ ಅದು ಯಾರೋ ತನ್ನನ್ನು ಮರೆತುಹೋದ ಬಸ್‌ಸ್ಟ್ಯಾಂಡಿನಲ್ಲಿ ಕುಳಿತ ಹಾಗಿತ್ತು.

ಹೀಗೆ ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಫೆಬ್ರವರಿಯ ಮೊದಲ ಭಾನುವಾರ ಫಿಲೋಮಿನಾ ಅರ್ಜಿ ತಂದು ಅವಳ ಮೇಜಿನ ಮೇಲಿಟ್ಟಳು. ಎರಡು ಪ್ರಶ್ನೆ, ಪ್ರತಿಯೊಂದಕ್ಕೂ ಎರಡು ಚೌಕ. ಮೊದಲನೆಯದು: ಎರಡು ವರ್ಷ ಇರುವುದೋ, ಟಿಕೆಟ್ಟೋ. ಎರಡನೆಯದು: ಇರುವುದಾದರೆ ಇದೇ ಮನೆಯೋ, ಬೇರೆಯೋ. ಘಾಲಾ ಎಂಬಲ್ಲಿ ಕಂಪನಿ ಹೊಸ ಮನೆ ಹಿಡಿದಿತ್ತು, ಅಲ್ಲಿ ಒಂದು ಮಂಚ ಖಾಲಿ ಇತ್ತು. "ಬುಧವಾರದೊಳಗೆ ಕೊಡು," ಎಂದಳು.

"ಇರೂದಾದ್ರ ಘಾಲಾಕ್ಕ ಹೋಗಿಬಿಡು," ಎಂದಳು ರೇಷ್ಮಾ. "ದಿನಾ ಆಕಿ ಮಾರಿ ನೋಡಿ ನೋಡಿ ನೀ ಸೊರಗಾಕತ್ತಿ."

ಮಂಗಳವಾರ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಊರಿಂದ ಫೋನು ಬಂತು. ಮಹಾಲಿಂಗಪ್ಪನ ಹೆಂಡತಿ ವಿಜಯಾ.

"ಅಕ್ಕಾ, ಅತ್ತಿ ಬಚ್ಚಲದಾಗ ಜಾರಿ ಬಿದ್ರು. ಟೊಂಕದ ಎಲುಬ ಮುರದೈತಿ. ಜಮಖಂಡ್ಯಾಗ ಆಪರೇಷನ್ ಆಗಿ ಮನಿಗೆ ಕರಕೊಂಡ ಬಂದೇವಿ. ಹಾಸಗಿ ಮ್ಯಾಲನ ಎಲ್ಲಾ."

"ಯಾವಾಗ ಬಿದ್ದಿದ್ರು?"

"ಹದಿನೈದ ದಿನಾ ಆತು. ನೀ ಗಾಬರಿ ಆಗ್ತಿ ಅಂತ ಹೇಳಿದ್ದಿಲ್ಲ. ಈಗ ನನ್ನ ಕೈಲೆ ನೀಗವಲ್ದು ಅಕ್ಕಾ. ನೀ ಬಂದಬಿಡು. ನಸುಕಿನ್ಯಾಗ ನೀರ, ರೊಟ್ಟಿ, ಹುಡುಗುರದು, ಆಳುಗಳದು, ಅದರಾಗ ಇದೂ. ನೀ ಹೋದ ಮ್ಯಾಲೆ ನಾ ಒಂದ ದಿನ ಕುಂತ ಉಂಡಿಲ್ಲ. ಇಷ್ಟ ಕೆಲಸ ಇರ್ತಾವಂತ ನಂಗ ಗೊತ್ತ ಇದ್ದಿದ್ದಿಲ್ಲ, ಖರೇನ ಹೇಳ್ತೇನಿ."

ವಿಜಯಾಳ ದನಿಯಲ್ಲಿ ನಾಟಕವಿರಲಿಲ್ಲ. ಬನಶಂಕರಿ ಆ ದನಿಯನ್ನು ಗುರುತಿಸಿದಳು. ಇಪ್ಪತ್ತೊಂದು ವರ್ಷ ತನ್ನ ಗಂಟಲಲ್ಲೇ ಇದ್ದು ಹೊರಗೆ ಬರದ ದನಿ ಅದು.

"ಮಾಲಿಂಗಪ್ಪನ ಕೈಯಾಗ ಕೊಡು."

ಮಹಾಲಿಂಗಪ್ಪ ಫೋನು ತೆಗೆದುಕೊಂಡ. "ಹೇಳ್ರಿ ವೈನಿ. ಆರಾಮದೀರೇನು?"

"ಅತ್ತೀನ ಮಗ್ಗಲ ಹೊಳ್ಳಸವ್ರು ಯಾರು?"

"ವಿಜಯಾ ನೋಡ್ತಾಳ. ನೀವ ಬಂದ್ರಂದ್ರ..."

"ಆಕಿ ಒಬ್ಬಾಕಿ ಕೈಲೆ ಆಗೂದಿಲ್ಲ. ನೀ ಎತ್ತು. ಎರಡ ತಾಸಿಗೊಮ್ಮೆ ಹೊಳ್ಳಸಬೇಕು, ಇಲ್ಲಂದ್ರ ಬೆನ್ನ ಹುಣ್ಣ ಆಕ್ಕತಿ. ಕಾಲ ನಡುವ ದಿಂಬ ಇಡು."

"ನಾ ಹೆಂಗ ವೈನಿ? ಗಂಡಸು."

"ಮಗ್ಗದ ಬೀಮ ಎತ್ತಾಂವ ಯಾರು? ಅತ್ತಿ ಅದರ ಅರ್ಧಾನೂ ಇಲ್ಲ."

"ಎತ್ತೂದಕ್ಕಲ್ಲ. ತೊಳಿಯೂದು, ಅದೂ ಇದೂ... ಮಂದಿ ಏನಂದಾರು?"

"ಮಂದೀನ ಕರಿ. ಅವರ ತೊಳದ ಹೋಗ್ಲಿ."

"ಅಲ್ಲಿ ಹೋಗಿ ಭಾಳ ಮಾತ ಕಲ್ತೀರಿ ನೀವು," ಎಂದ ಮಹಾಲಿಂಗಪ್ಪ. ಸಿಟ್ಟಿಗಿಂತ ಹೆಚ್ಚಾಗಿ ಬೆರಗಿತ್ತು. ಫೋನನ್ನು ತಾಯಿಯ ಕಿವಿಗೆ ಹಿಡಿದ.

"ಶಂಕರೀ."

"ಅತ್ತಿ, ನೋವ ಭಾಳ ಐತೇನ್ರಿ?"

"ನೋವ ಇರ್ಲಿ ಬೇ. ನೀ ಯಾವಾಗ ಬರ್ತಿ?"

ಬನಶಂಕರಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಇವರು ನನ್ನ ಹೆಂಗ ಹಿಡೀತಾರಂದ್ರ, ಕಾದ ಭಾಂಡೆ ಹಿಡದಂಗ ಹಿಡೀತಾರ. ಹಿಡದವರ ಬಿಟ್ಟಬಿಡ್ತಾರ. ನಿನ್ನ ಕೈ ಬೇಕ ನನಗ."

"ಮಗಾ ಅದಾನಲ್ರಿ ನಿಮಗ."

"ಅವಂಗ ನಾಚಿಕಿ."

"ನೀವು ಅವನ ಕುಂಡಿ ತೊಳಿಯೂವಾಗ ನಾಚಿದ್ರೇನ್ರಿ?"

ದಾನಮ್ಮ ಸಣ್ಣಗೆ ನಕ್ಕಳು. ನಕ್ಕದ್ದಕ್ಕೆ ನೋವಾಗಿ ನರಳಿದಳು. ಆಮೇಲೆ ಮತ್ತೆ, "ಬಾ ಬೇ," ಎಂದಳು. "ನಾ ಇನ್ನ ಎಷ್ಟ ದಿನಾ?"

"ನಾಳೆ ಫೋನ ಮಾಡ್ತೇನ್ರಿ ಅತ್ತಿ," ಎಂದು ಬನಶಂಕರಿ ಇಟ್ಟಳು.

ವ್ಯಾನಿನಲ್ಲಿ ತಿರುಗಿ ಬರುವಾಗ ಅವಳು ರೇಷ್ಮಾಳನ್ನು ಕೇಳಿದಳು. "ನೀ ಏನಂತಿ?"

"ನಾ ಏನೂ ಅನ್ನೂದಿಲ್ಲ ಯವ್ವಾ. ಹೋಗಂದ್ರ ಅಲ್ಲಿ ಒಲಿ ಮುಂದ ಕುಂತ ನನ್ನ ಬೈತಿ. ಇರು ಅಂದ್ರ, ಮುದುಕಿ ಸತ್ತ ದಿನ ನನ್ನ ಬೈತಿ." ರೇಷ್ಮಾ ಕಿಟಕಿಯಾಚೆ ನೋಡುತ್ತ ಸೇರಿಸಿದಳು, "ನಮ್ಮವ್ವ ಸತ್ತಾಗ ನಾ ಹೋಗಲಿಲ್ಲ. ಹೋಗಿದ್ರ ಛಲೋ ಆಕ್ಕಿತ್ತೇನ ಅಂತ ಕೇಳಬ್ಯಾಡ. ಇನ್ನೂ ತಿಳಿದಿಲ್ಲ ನಂಗ."

ಬುಧವಾರ ನಸುಕಿನಲ್ಲಿ ಬನಶಂಕರಿ ಅರ್ಜಿಯನ್ನೂ ಪೆನ್ನನ್ನೂ ತೆಗೆದುಕೊಂಡು ಮೆಟ್ಟಿಲಿಗೆ ಬಂದಳು.

ಹೋದರೆ ಅತ್ತೆಯ ಮೈ ಮೆತ್ತಗೆ ಹಿಡಿಯುವ ಕೈ ಸಿಗುತ್ತದೆ. ಅದು ಸುಳ್ಳಲ್ಲ. ವಿಜಯಾ ಕುಳಿತು ಉಣ್ಣುತ್ತಾಳೆ. ಮಹಾಲಿಂಗಪ್ಪ ಕಟ್ಟೆಗೆ ಹೋಗುತ್ತಾನೆ. ಅತ್ತೆ ತೀರಿಕೊಂಡ ಮೇಲೆ ತಾನು ಆ ಮನೆಯಲ್ಲಿ ಯಾರು ಎಂದು ಯೋಚಿಸಿದಳು. ಗಂಡನಿಲ್ಲದ, ಅತ್ತೆಯಿಲ್ಲದ ಸೊಸೆ. ಮುಂದೆ ಬೀಳುವವರ ಮೈ ತೊಳೆಯುವವಳು. ತಾನೇ ಬಿದ್ದ ದಿನ ಯಾರ ಕೈ?

ಇದ್ದರೆ ಇಲ್ಲಿಯೂ ಅವಳನ್ನು ಬೇಕೆನ್ನುವವರಿಲ್ಲ. ತಾನು ಹೋದರೆ ಮೇಜು ಬೇರೆಯವರಿಗೆ ಹೋಗುತ್ತದೆ, ಮಂಚವೂ. ಒಂದು ವರ್ಷದ ಮೇಲೆ ಒಂದು ತಿಂಗಳ ರಜೆ ಇದೆ. ಎಪ್ಪತ್ತನಾಲ್ಕರ ದಾನಮ್ಮ ಅಷ್ಟು ದಿನ ಇರುತ್ತಾಳೆಂದು ಅವಳು ತನಗೆ ತಾನೇ ಸುಳ್ಳು ಹೇಳಿಕೊಳ್ಳಲಿಲ್ಲ.

ಹಿಂದೆ ಬಾಗಿಲು ತೆರೆದ ಸದ್ದಾಯಿತು. ಕುಸುಮಾ. ನೀರು ಕುಡಿಯಲು ಎದ್ದಿದ್ದಳು, ಕೈಯಲ್ಲಿ ಲೋಟವಿತ್ತು. ಮೆಟ್ಟಿಲ ಮೇಲೆ ಕುಳಿತವಳನ್ನೂ ಮೊಣಕಾಲ ಮೇಲಿನ ಹಾಳೆಯನ್ನೂ ನೋಡಿದಳು. ಆ ಹಾಳೆ ಏನೆಂದು ಅವಳಿಗೆ ಗೊತ್ತು. ನಾಲ್ಕು ವರ್ಷದ ಹಿಂದೆ ಅವಳೂ ತುಂಬಿದ್ದಳು. ಇರು ಎಂದೋ ಹೋಗು ಎಂದೋ ಒಂದು ಮಾತು ಬಂದೀತೆಂದು ಬನಶಂಕರಿ ಕಾಯ್ದಳು. ಒಂದೇ ಮಾತು ಸಾಕಿತ್ತು. ಕುಸುಮಾ ನೀರು ಕುಡಿದಳು. ಒಳಗೆ ಹೋದಳು. ಬಾಗಿಲು ಸದ್ದಾಗದಂತೆ ಮುಚ್ಚಿತು.

ಬಾಂಗು ಶುರುವಾಗಿ ಮುಗಿಯಿತು. ಗುಡ್ಡಕ್ಕೆ ಬಣ್ಣ ಬಂತು.

ಬನಶಂಕರಿ ಪೆನ್ನಿನ ಮುಚ್ಚಳ ತೆಗೆದು, ಎರಡು ವರ್ಷ ಎಂದಿದ್ದ ಚೌಕದಲ್ಲಿ ಗುರುತು ಹಾಕಿದಳು. ಅತ್ತೆಗೆ ತಾನೇ ಹೇಳಬೇಕು ಎಂದುಕೊಂಡಳು. ಮೈದುನನಿಗೆ ಹೇಳಿ ಅವನ ಬಾಯಿಂದ ಹೇಳಿಸುವುದಲ್ಲ. ಅತ್ತೆ ಅಳುತ್ತಾಳೆ, ಅದನ್ನು ಕಿವಿಯಿಂದ ಕೇಳಬೇಕು.

ಎರಡನೆಯ ಪ್ರಶ್ನೆಯ ಮೇಲೆ ಪೆನ್ನು ಬಹಳ ಹೊತ್ತು ನಿಂತಿತು. ಘಾಲಾದ ಮನೆಯಲ್ಲಿ ಅವಳು ಯಾರೆಂದು ಯಾರಿಗೂ ಗೊತ್ತಿಲ್ಲ. ಹೋದ ಮರುದಿನವೇ ಆರು ಜನಕ್ಕೋ ಎಂಟು ಜನಕ್ಕೋ ಚಪಾತಿ ಮಾಡಿ, ವಾರದೊಳಗೆ ಎಲ್ಲರಿಗೂ ಬೇಕಾದವಳಾಗಬಹುದು. ಇಲ್ಲಿ, ಕೈ ಚಾಚುವಷ್ಟು ದೂರದಲ್ಲಿ, ಅವಳು ಏನು ಮಾಡಿದಳೆಂದು ತಿಳಿದವಳೊಬ್ಬಳು ಪ್ರತಿ ರಾತ್ರಿ ದೀಪ ಆರಿಸುವ ಮೊದಲು ಅವಳತ್ತ ನೋಡುತ್ತಾಳೆ.

ಇದೇ ಮನೆ ಎಂಬ ಚೌಕದಲ್ಲಿ ಗುರುತು ಹಾಕಿದಳು.